ಪೆನ್‌ರೋಸಿನ ಗುಮ್ಮಟ, ಇಳಕಲ್ಲಿನ ಕಲ್ಲು

ಪೆನ್‌ರೋಸ್ ಎಂಬ ಪರದೇಶದ ಬಡಾವಣೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಈರಬಸಪ್ಪನಿಗೆ ಗಿರಾಕಿಯ ಮುಖಕ್ಕಿಂತ ಮೊದಲು ಬೂಟು ನೋಡುವ ಅಭ್ಯಾಸ. ಬೂಟಿಗೆ ಸಿಮೆಂಟು ಮೆತ್ತಿದ್ದರೆ ಕಂಟ್ರಾಕ್ಟರು, ಚೌಕಾಸಿ ಖಂಡಿತ. ಬೂಟು ಫಳಫಳ ಹೊಳೆಯುತ್ತಿದ್ದರೆ ಹೊಸ ಮನೆಯ ಯಜಮಾನ; ಹೆಂಡತಿಯನ್ನು ಕೇಳಿಕೊಂಡು ಬರುತ್ತೇನೆ ಎಂದು ಹೋದವನು ಮತ್ತೆ ಬರುವುದಿಲ್ಲ. ಫಾದರ್ ಇಲ್ಯಾಸ್ ಮೊದಲ ಸಲ ಬಂದಾಗ ಅವರ ಕರಿ ನಿಲುವಂಗಿ ನೆಲದವರೆಗೆ ಇಳಿದಿತ್ತು. ಬೂಟೇ ಕಾಣಲಿಲ್ಲ. ಈರಬಸಪ್ಪ ವ್ಯಾಪಾರ ಶುರುವಾಗುವ ಮೊದಲೇ ಅರ್ಧ ಸೋತ.

ಫಾದರ್ ಸಿರಿಯಾದವರು. ಅವರ ಸಭೆಯ ಜನ, ಸಿರಿಯಾ ಲೆಬನಾನಿನ ಕುಟುಂಬಗಳು, ಎಷ್ಟೋ ವರ್ಷಗಳಿಂದ ಶಾಲೆಯೊಂದರ ಸಭಾಂಗಣದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಪ್ರಾರ್ಥನೆ ಮಾಡುತ್ತಿದ್ದರು. ಈಗ ಈರಬಸಪ್ಪನ ಹಿಂದಿನ ಬೀದಿಯ ಹಳೆಯ ಗೋದಾಮನ್ನು ಕೊಂಡಿದ್ದರು. ಅದನ್ನೇ ಚರ್ಚ್ ಮಾಡಬೇಕು, ನೆಲಕ್ಕೆ ಕಲ್ಲು ಬೇಕು. ಇಬ್ಬರೂ ಆಡುತ್ತಿದ್ದದ್ದು ಇಂಗ್ಲಿಷೇ. ಒಬ್ಬರದು ಅರಬ್ಬಿ ಮನೆಯಲ್ಲಿ ಬೆಳೆದದ್ದು, ಇನ್ನೊಬ್ಬನದು ಬಾಗಲಕೋಟೆಯಲ್ಲಿ.

"ಗೋದಾಮಿನೊಳಗೆ ದೇವರನ್ನು ಕೂಡಿಸಿದರೆ ಬೇಜಾರು ಮಾಡಿಕೊಳ್ಳುವುದಿಲ್ಲವೇ?" ಎಂದು ಈರಬಸಪ್ಪ ಕೇಳಿದ.

"ಮೊದಲ ದೊಡ್ಡ ಚರ್ಚುಗಳೂ ಹೀಗೇ, ಮಿಸ್ಟರ್ ಬಸಪ್ಪ," ಎಂದರು ಫಾದರ್. "ರೋಮಿನವರ ಗುಡಿಯಲ್ಲಿ ದೇವರು ಒಳಗೆ, ಜನ ಹೊರಗೆ. ನಮ್ಮವರಿಗೆ ಜನರನ್ನೂ ಒಳಗೆ ಸೇರಿಸಿಕೊಳ್ಳುವ ಜಾಗ ಬೇಕಿತ್ತು. ಅದಕ್ಕೆ ಗುಡಿಯ ಮಾದರಿ ಬಿಟ್ಟು ಊರಿನ ಉದ್ದನೆಯ ಸಭಾಂಗಣದ ಮಾದರಿ ಹಿಡಿದರು. ಎರಡು ಸಾಲು ಕಂಬ, ನಡುವೆ ಎತ್ತರದ ಓಣಿ, ಕೊನೆಯಲ್ಲಿ ಅರ್ಧಚಂದ್ರದಂಥ ಗೋಡೆ, ಅಲ್ಲೇ ದೇವರ ಪೀಠ. ಆ ಸಭಾಂಗಣಗಳಲ್ಲಿ ಮೊದಲು ನಡೆಯುತ್ತಿದ್ದದ್ದು ಕೋರ್ಟು, ಕಚೇರಿ, ವ್ಯಾಪಾರ."

ವ್ಯಾಪಾರ ಎಂಬ ಮಾತು ಈರಬಸಪ್ಪನ ಕಿವಿಯಲ್ಲಿ ಸರಿಯಾಗಿ ಕೂತಿತು. ಸಂಜೆ ಮನೆಗೆ ಬಂದವನೇ ಹೆಂಡತಿ ರತ್ನವ್ವನಿಗೆ, "ಮೂಲದಾಗ ಚರ್ಚ್ ಅಂದ್ರ ನಮ್ಮ ಮಂದೀದ ಜಾಗಾನ," ಎಂದ.

"ಹಂಗಾದ್ರ ಬಾಡಿಗಿ ಕೇಳ್ರಿ," ಎಂದಳು ರತ್ನವ್ವ.

ಅವನನ್ನು ಪೂರ್ತಿ ಕೆಡವಿದ್ದು ಫಾದರ್ ಹೇಳಿದ ಗುಮ್ಮಟದ ಕತೆ. ಉದ್ದ ಸಭಾಂಗಣ ಸಾಕಾಗದೆ ಮುಂದೆ ಬೈಜಾಂಟಿಯಮ್ಮಿನವರು ಚೌಕದ ಮೇಲೆ ದುಂಡನೆಯ ಗುಮ್ಮಟ ಕೂಡಿಸಲು ಹೊರಟರಂತೆ. ಚೌಕಕ್ಕೆ ನಾಲ್ಕು ಮೂಲೆ, ಗುಮ್ಮಟಕ್ಕೆ ಒಂದೂ ಇಲ್ಲ. ಆ ಮೂಲೆಗಳಲ್ಲಿ ಬಾಗಿದ ತ್ರಿಕೋನ ಕಟ್ಟಿ ಭಾರವನ್ನು ಕಂಬಕ್ಕೆ ಇಳಿಸಿದರು. ಬುಡದ ಸುತ್ತ ಕಿಟಕಿ ಬಿಟ್ಟರು. ನೋಡಿದವರಿಗೆ ಗುಮ್ಮಟ ಬೆಳಕಿನ ಮೇಲೆ ನಿಂತಂತೆ ಕಾಣಬೇಕು. ಅವರ ಅತಿ ದೊಡ್ಡ ಗುಮ್ಮಟ ಭೂಕಂಪಗಳಿಗೆ ಸಿಕ್ಕಿ ಒಮ್ಮೆ ಬಿದ್ದಾಗ, ಮೊದಲಿಗಿಂತ ಎತ್ತರವಾಗಿ ಮತ್ತೆ ಕಟ್ಟಿದರು.

"ನಮ್ಮ ಬಿಜಾಪುರದಲ್ಲೂ ಇದೆ," ಎಂದ ಈರಬಸಪ್ಪ. ಶಾಲೆಯ ಪ್ರವಾಸದಲ್ಲಿ ಗೋಳಗುಮ್ಮಟ ಹತ್ತಿ, ಲೆಕ್ಕದ ಮಾಸ್ತರರ ಹೆಸರನ್ನು ಗೋಡೆಗೆ ಪಿಸುಗುಟ್ಟಿ, ಅದು ಆಚೆ ತುದಿಯಲ್ಲಿ ನಿಂತಿದ್ದ ಮಾಸ್ತರರಿಗೇ ಕೇಳಿಸಿ ಪೆಟ್ಟು ತಿಂದ ಕತೆಯನ್ನೂ ಹೇಳಿದ. ಫಾದರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕ್ರೈಸ್ಟ್‌ಚರ್ಚ್ ಊರಿನ ಭೂಕಂಪ ಕಂಡ ಈ ದೇಶದಲ್ಲಿ ಕಲ್ಲಿನ ಗುಮ್ಮಟಕ್ಕೆ ಯಾವ ಎಂಜಿನಿಯರೂ ಸಹಿ ಹಾಕುವುದಿಲ್ಲ. ಇವರದು ಮರದ ಪಕ್ಕೆಲುಬಿನದು. ಕ್ರೇನಿನಲ್ಲಿ ಎತ್ತಿ ಗೋದಾಮಿನ ನೆತ್ತಿಗೆ ಕೂಡಿಸಿದ ದಿನ ಈರಬಸಪ್ಪ ಅಂಗಡಿಗೆ ಬೀಗ ಹಾಕಿ ನೋಡಲು ಹೋಗಿದ್ದ.

ಆ ದಿನವೇ ಅವನು ಯಾರೂ ಕೇಳದಿದ್ದರೂ ಒಂದು ಮಾತು ಕೊಟ್ಟ. ಇಳಕಲ್ಲಿನ ಕಲ್ಲುಗಣಿಯಲ್ಲಿ ಎಂಜಿನಿಯರಾಗಿದ್ದವನು ಅವನು. ಇಲ್ಲಿಗೆ ಬಂದು ಈಸ್ಟ್ ತಮಾಕಿ ಬಡಾವಣೆಯಲ್ಲಿ ಕೆಲವು ವರ್ಷ ಸಂಬಳಕ್ಕೆ ದುಡಿದು ಅಂಗಡಿ ಹಾಕಿದಾಗ, ಮೊದಲ ಕಂಟೇನರಿನಲ್ಲಿ ತನ್ನೂರಿನ ಕೆಂಪು ಗ್ರಾನೈಟ್ ಹಲಗೆಗಳನ್ನು ತರಿಸಿದ್ದ. ಮನೆ ಕಟ್ಟಿದರೆ ದೇವರಕೋಣೆಗೆ ಎಂದು. ಕೊಂಡದ್ದು ಕಾರ್ಪೆಟ್ ಹಾಸಿದ ಮನೆ. ಕಲ್ಲು ಅಂಗಳದಲ್ಲೇ ಉಳಿಯಿತು. ಯಾರಾದರೂ ಬೆಲೆ ಕೇಳಿದರೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಆಲಿಸಿ, "ಸೀಳು ಐತ್ರಿ, ಬ್ಯಾಡ್ರಿ" ಎಂದು ಕನ್ನಡದವರಿಗೆ ಕನ್ನಡದಲ್ಲಿ, ಇಂಗ್ಲಿಷಿನವರಿಗೆ ಇಂಗ್ಲಿಷಿನಲ್ಲಿ ಸುಳ್ಳು ಹೇಳುತ್ತಿದ್ದ. ಆ ಕಲ್ಲನ್ನು ಈಗ ಚರ್ಚಿನ ಅರ್ಧಚಂದ್ರದ ನೆಲಕ್ಕೆ ಕೊಡುತ್ತೇನೆ, ನಾನೇ ನಿಂತು ಹಾಸಿಸುತ್ತೇನೆ ಎಂದ. ಫಾದರ್ ಅವನ ಎರಡೂ ಕೈ ಹಿಡಿದುಕೊಂಡರು.

ಚರ್ಚ್ ತೆರೆಯುವ ಹಬ್ಬಕ್ಕೆ ಬಿಷಪ್ಪರನ್ನು ಕರೆಯಲು ಫಾದರ್ ಸಿಡ್ನಿಗೆ ಹೋದರು. ಈರಬಸಪ್ಪ ನಕ್ಷೆ ಬಿಡಿಸಿ ನೋಡಿದ. ಅರ್ಧಚಂದ್ರವನ್ನು ಪೂರ್ವದ ಗೋಡೆಗೆ ಬರೆದಿದ್ದರು, ಸರಕಿನ ಲಾರಿಗಳಿಗಾಗಿ ದೊಡ್ಡ ಶಟರ್ ಇನ್ನೂ ತೆರೆದೇ ಇದ್ದ ಕಡೆ. ಪಡುವಣ ಗೋಡೆಯಲ್ಲಿ, ಕಾರ್ ನಿಲ್ಲಿಸುವ ಕಡೆ, ಮುಂದೆ ಕೊರೆಯಬೇಕಾದ ಹೊಸ ಬಾಗಿಲು. ಅವನು ಹುಬ್ಬು ಗಂಟಿಕ್ಕಿದ. ಪೂರ್ವಕ್ಕೆ ಬಾಗಿಲಿರುವಾಗ ಅದನ್ನು ಮುಚ್ಚಿ, ದೇವರನ್ನು ಪಡುವಣಕ್ಕೆ ಮುಖ ಮಾಡಿ ಕೂಡಿಸುವುದೇ? ಎಳೆಬಿಸಿಲು ದೇವರ ಮುಖಕ್ಕೆ ಬೀಳುವುದು ಬೇಡವೇ? ನಕ್ಷೆ ಬರೆದ ಹುಡುಗ ಹಾಳೆ ತಿರುಗುಮುರುಗಾಗಿ ಹಿಡಿದಿರಬೇಕು.

"ಫಾದರಿಗೆ ಒಂದ್ ಫೋನ್ ಹಚ್ಚಿ ಕೇಳ್ರಿ," ಎಂದಳು ರತ್ನವ್ವ.

"ದೇವ್ರು ಯಾವ ಕಡಿ ಮುಖ ಮಾಡ್ಬೇಕು ಅನ್ನೂದನ್ನ ಫೋನ್ ಮಾಡಿ ಕೇಳ್ತಾರೇನ? ಸಣ್ಣ ಹುಡುಗ್ರಿಗೂ ಗೊತ್ತಿರ್ತೈತಿ."

ಹಾಸಿಸಿಯೇ ಬಿಟ್ಟ. ಪಡುವಣ ಗೋಡೆಗೆ ಒತ್ತಿಕೊಂಡು ನೆಲದ ಮಟ್ಟಕ್ಕೆ ಕೆಂಪು ಅರ್ಧಚಂದ್ರ, ಕೂದಲೂ ತೂರದಂಥ ಸಂದು. ಕೊನೆಯ ಹಲಗೆಗೆ ಅಂಟು ಹಾಕುವ ಮೊದಲು ಅದರ ಮೇಲೊಮ್ಮೆ ಕೈಯಾಡಿಸಿದ. ತನ್ನೂರಿನ ಕಲ್ಲು ಅವನ ಹತ್ತಿರ ಇನ್ನು ಒಂದು ಚೂರೂ ಉಳಿದಿರಲಿಲ್ಲ.

ಸಿಡ್ನಿಯಿಂದ ಬಂದ ಫಾದರ್ ಒಳಗೆ ಕಾಲಿಟ್ಟು, ಅರ್ಧಚಂದ್ರ ನೋಡಿ, ಶಟರ್ ನೋಡಿ, ಮತ್ತೆ ಅರ್ಧಚಂದ್ರ ನೋಡಿದರು.

"ಮಿಸ್ಟರ್ ಬಸಪ್ಪ, ನಮ್ಮಲ್ಲಿ ಪೂರ್ವಕ್ಕೆ ಮುಖ ಮಾಡುವುದು ಜನ. ದೇವರು ಮತ್ತೆ ಬರುವುದು ಆ ಕಡೆಯಿಂದ. ನಾವು ಎದುರುನೋಡುತ್ತ ನಿಲ್ಲುತ್ತೇವೆ."

ಈರಬಸಪ್ಪ ಶಟರಿನತ್ತ ತಿರುಗಿ ನೋಡಿದ. ಅವನ ಲೋಕದಲ್ಲಿ ದೇವರು ಸೂರ್ಯನಿಗಾಗಿ ಕಾಯುತ್ತಾನೆ. ಇವರ ಲೋಕದಲ್ಲಿ ಜನ ದೇವರಿಗಾಗಿ ಕಾಯುತ್ತಾರೆ. ಇಷ್ಟು ದೊಡ್ಡ ವ್ಯತ್ಯಾಸ ಒಂದು ನಕ್ಷೆಯಲ್ಲಿ ಅಡಗಿರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಫಾದರ್ ಗಡ್ಡ ನೀವಿಕೊಂಡರು. "ಹಾಗೆ ನೋಡಿದರೆ ರೋಮಿನಲ್ಲಿ ಮೊದಮೊದಲು ಕಟ್ಟಿದ ಕೆಲವು ದೊಡ್ಡ ಚರ್ಚುಗಳ ಬಾಗಿಲು ಪೂರ್ವಕ್ಕೇ ಇತ್ತು. ಅರ್ಧಚಂದ್ರ ಪಡುವಣಕ್ಕೆ. ಆಮೇಲೆ ಬದಲಾಯಿತು."

ಮುಳುಗುತ್ತಿದ್ದ ವ್ಯಾಪಾರಿ ಹಗ್ಗ ಹಿಡಿದ. "ಹಾಗಾದರೆ ನನ್ನದು ತಪ್ಪಲ್ಲ?"

"ತಪ್ಪೇ. ನೀವು ಸಾವಿರದ ಆರುನೂರು ವರ್ಷ ತಡವಾಗಿ ಬಂದಿದ್ದೀರಿ."

ಆ ಕಲ್ಲನ್ನು ಎಬ್ಬಿಸಿದರೆ ಚೂರುಚೂರಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಈರಬಸಪ್ಪ ಒಂದು ದಿನ ಸಮಯ ಕೇಳಿ ಮನೆಗೆ ಬಂದ. ಊಟಕ್ಕೆ ಕೂತರೂ ರೊಟ್ಟಿ ಮುರಿಯಲಿಲ್ಲ. ಹೇಳಿದ್ನಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿದ್ದರೂ ರತ್ನವ್ವ ಅದನ್ನು ನುಂಗಿ ಇನ್ನೊಂದು ಚಮಚ ಎಣ್ಣೆಗಾಯಿ ಬಡಿಸಿದಳು.

"ನಾಳೆ ನಾನೇ ಒಡೀತೀನಿ," ಎಂದ ಅವನು. "ಬ್ಯಾರೇಯವ್ರು ಒಡೆದ್ರ ನೋಡಾಕ ಆಗೂದಿಲ್ಲ."

"ನಾನೂ ಬರ್ತೀನಿ. ಒಬ್ರ ಹೋಗಬ್ಯಾಡ್ರಿ."

ಬೆಳಗ್ಗೆ ಕಲ್ಲೊಡೆಯುವ ಯಂತ್ರವನ್ನು ಯೂಟ್ ಪಿಕಪ್ ಗಾಡಿಯ ಹಿಂದೆ ಹಾಕಿಕೊಂಡು ಇಬ್ಬರೂ ಹೋದಾಗ, ಫಾದರ್ ಇಲ್ಯಾಸ್ ಕೆಂಪು ಅರ್ಧಚಂದ್ರದ ನಟ್ಟನಡುವೆ, ಇವರಿಗೆ ಬೆನ್ನು ಮಾಡಿ ಪಡುವಣ ಗೋಡೆ ನೋಡುತ್ತ ನಿಂತಿದ್ದರು. ಅವರ ಜತೆ ಎಳೆಕೂಸನ್ನು ಎತ್ತಿಕೊಂಡ ತಾಯಿ. ಹೊಸ ಚರ್ಚಿನಲ್ಲಿ ಮೊದಲ ದೀಕ್ಷಾಸ್ನಾನ ಆ ಕೂಸಿನದೇ.

"ಯಂತ್ರ ಗಾಡಿಯಲ್ಲೇ ಇರಲಿ," ಎಂದರು ಫಾದರ್. "ದೀಕ್ಷೆ ಕೊಡುವ ಮೊದಲು ಕೂಸನ್ನು ಬಾಗಿಲ ಹತ್ತಿರ ಪಡುವಣಕ್ಕೆ ತಿರುಗಿಸುತ್ತೇವೆ. ಅದು ಕತ್ತಲೆಯ ದಿಕ್ಕು. ಕೂಸಿನ ಪರವಾಗಿ ಸೈತಾನನನ್ನು ಬಿಟ್ಟೆ ಎಂದು ಹೇಳಿಸಿ, ಆಮೇಲೆ ಪೂರ್ವಕ್ಕೆ ತಿರುಗಿಸುತ್ತೇವೆ. ಹಳೆಯ ಕಾಲದಿಂದ ಇದೆ. ಆದರೆ ಆ ತಿರುಗುವ ಜಾಗಕ್ಕೆಂದು ನಮ್ಮಲ್ಲಿ ಯಾರೂ ಕಲ್ಲು ಕೊಟ್ಟಿರಲಿಲ್ಲ. ಹೊಸ ಬಾಗಿಲಿಂದ ಒಳಬಂದವರು ಮೊದಲು ಈ ಕಲ್ಲಿನ ಮೇಲೇ ಕಾಲಿಡಲಿ."

ಈರಬಸಪ್ಪ ಕಲ್ಲನ್ನೂ ಗೋಡೆಯನ್ನೂ ನೋಡಿದ. "ಅಂದರೆ ನಾನು ದೇವರಿಗೆ ಕೊಟ್ಟ ಜಾಗದಿಂದ ನೀವು ಸೈತಾನನನ್ನು ಕಳಿಸುತ್ತೀರಿ."

"ಅವನಿಗೂ ಜಾಗ ಗಟ್ಟಿಯಾಗಿರಬೇಕಲ್ಲ."

ಪೂರ್ವದ ಅರ್ಧಚಂದ್ರಕ್ಕೆ ಅಂಗಡಿಯಲ್ಲಿದ್ದ ಬಿಳಿ ಅಮೃತಶಿಲೆ ಹೋಯಿತು. ಈ ಸಲ ಈರಬಸಪ್ಪ ಪ್ರತಿ ಹಲಗೆಗೂ ಫಾದರಿಗೆ ಫೋನ್ ಮಾಡಿದ. ಕೊನೆಕೊನೆಗೆ ಫಾದರ್ ಫೋನ್ ಎತ್ತುವುದನ್ನೇ ಬಿಟ್ಟರು.

ಹಬ್ಬದ ಬೆಳಿಗ್ಗೆ ಗಂಡ ಹೆಂಡತಿ ಬಾಗಿಲ ಪಕ್ಕದಲ್ಲಿ ನಿಂತರು. ಗುಮ್ಮಟದ ಬುಡದ ಕಿಟಕಿಗಳಿಂದ ಬಿಸಿಲು ಇಳಿದಿತ್ತು. ಬಿಷಪ್ಪರ ಸನ್ನೆಯಂತೆ ಕೂಸನ್ನು ಎತ್ತಿಕೊಂಡಾಕೆ ಕೆಂಪು ಕಲ್ಲಿನ ಮೇಲೆ ನಿಂತು ಪಡುವಣಕ್ಕೆ ತಿರುಗಿ, ಕೂಸಿನ ಪರವಾಗಿ ಸೈತಾನನತ್ತ ಥೂ ಎಂದು ಉಗುಳಿದಳು.

"ನಿಮ್ಮ ಕಲ್ಲಿನ ಮ್ಯಾಲ ಉಗಳಿದ್ಲು ನೋಡ್ರಿ," ಎಂದಳು ರತ್ನವ್ವ ಮೆಲ್ಲಗೆ.

"ಸುಮ್ನಿರ. ಬರೇ ಶಬ್ದ ಮಾಡಿದ್ಲು."

ಕೂಸು ಪೂರ್ವಕ್ಕೆ ತಿರುಗಿತು. ಜನ ಹಾಡುತ್ತ ಅದರ ಹಿಂದೆ ಗುಮ್ಮಟದ ಕೆಳಗೆ ಸರಿದರು. ಬಾಗಿಲ ಬಳಿ ಯಾರೂ ಉಳಿಯದಾಗ ಈರಬಸಪ್ಪ ಬಗ್ಗಿ, ಕರವಸ್ತ್ರ ತೆಗೆದು ಕಲ್ಲನ್ನು ಒರೆಸಿದ. ಎದ್ದೇಳುವ ಮೊದಲು ಅಭ್ಯಾಸಬಲದಿಂದ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ.

"ಏನ್ರಿ, ಸೀಳು ಐತೇನು?" ಎಂದಳು ರತ್ನವ್ವ.

"ಇಲ್ಲ," ಎಂದ ಈರಬಸಪ್ಪ. ಆ ಕಲ್ಲಿನ ಬಗ್ಗೆ ಅವನು ನಿಜ ಹೇಳಿದ್ದು ಅದೇ ಮೊದಲು.