ಕಾಲು ಮುಂದಾಗಿ ಹುಟ್ಟಿದವಳು

ಬಿಸಿ ಮಾಡಿದ ಎಕ್ಕೆ ಎಲೆಯ ವಾಸನೆ ಬಂದರೆ ಯಾರದೋ ಸೊಂಟ ಹಿಡಿದಿದೆ ಎಂದೇ ತಿಳಿಯಿರಿ. ಇವತ್ತು ಬೆಳಿಗ್ಗೆ ಆ ವಾಸನೆಯ ಹಿಂದೆಯೇ ಪಕ್ಕದ ಮನೆಯ ಶಾಂತಾ ಬಂದು ನಮ್ಮ ಕಟ್ಟೆಯ ಮೇಲೆ ಬೋರಲು ಮಲಗಿದಳು.

"ವೈನಿ, ಒಂದೀಟ ಕಾಲ ಮುಟ್ಟಸ್ರಿ."

ನಾನು ಹುಟ್ಟುವಾಗ ಕಾಲು ಮೊದಲು ಬಂದಿತ್ತಂತೆ. ನಮ್ಮ ಕಡೆ ಅಂಥವರಿಗೆ ಪಾಯಾಳು ಅನ್ನುತ್ತಾರೆ. ಅವರು ಒದ್ದರೆ ಬೆನ್ನುನೋವು ಹೋಗುತ್ತದೆಂದು ನಂಬಿಕೆ. ಓದಿನಿಂದ, ಅಡುಗೆಯಿಂದ ಬಾರದ ಹೆಸರು ನನಗೆ ಕಾಲಿನಿಂದ ಬಂತು. ಸೊಸೆಯಾಗಿ ಯಡೂರಿಗೆ ಬಂದಾಗ ನನಗಿಂತ ಮೊದಲು ಆ ಸುದ್ದಿಯೇ ಮನೆ ಸೇರಿತ್ತು.

ಅತ್ತೆಗೆ ಆಗಲೇ ಹಳೆಯ ಬೆನ್ನುನೋವು. ಬೆಳಿಗ್ಗೆ ಎದ್ದರೆ ಸೊಂಟ ಕಟ್ಟಿಗೆಯಂತೆ ಬಿಗಿದಿರುತ್ತಿತ್ತು. ಸೋಮವಾರದ ವೀರಭದ್ರನ ಗುಡಿ ತಪ್ಪಿತ್ತು. ನೋವಿಗಿಂತ ಅದೇ ಅವರಿಗೆ ದೊಡ್ಡ ಸಂಕಟ.

"ತುಳಿ, ತಂಗಿ," ಎಂದರು.

"ನಿಮಗ ಕಾಲ ಹಚ್ಚಲೇನ್ರಿ ಅತ್ತಿ?"

"ಪಾಪ ನನಗಿರಲಿ. ನೀ ತುಳಿ."

ಮೊದಲು ಅವರ ಪಾದಕ್ಕೆ ನಮಸ್ಕಾರ ಮಾಡಿದೆ, ಆಮೇಲೆ ಬೆನ್ನಿಗೆ ಒದ್ದೆ. ಇಂಥ ಪೂಜಾಕ್ರಮ ಎಲ್ಲಿದೆಯೋ ಕಾಣೆ. ಮರುದಿನ ಅವರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ.

ಚಿಕ್ಕೋಡಿಯ ಡಾಕ್ಟರು ಬೆನ್ನಿನ ಒಳಗಿನ ಫೋಟೋ ತೆಗೆಸಿ ನೋಡಿ ಹೇಳಿದರು: "ಎಲುಬಿನ ನಡುವಿನ ಮೆತ್ತನ ಗಾದಿ ಸವದೈತ್ರಿ ಅವ್ವಾ. ಸವದವರಿಗೆಲ್ಲಾ ಇಷ್ಟ ನೋವ ಇರಂಗಿಲ್ಲ. ನಿಮಗ ಅದರ ಸುತ್ತ ಒಳಗ ಬಾವು ಬಂದೈತಿ. ಅದು ನರಕ್ಕ ಉರಿ ಹಚ್ಚೇತಿ."

"ನನ್ನ ಸೊಸಿ ಪಾಯಾಳು ಅದಾಳ್ರಿ," ಎಂದರು ಅತ್ತೆ, ಬಿಡದೆ.

"ಉಳುಕಿದ ಕಾಲ ಬಾತಾಗ ಯಾರರೆ ಒದೀತಾರೇನ್ರಿ? ಇದೂ ಹಂಗ. ಬಾವು ಇಳಿಯೂತನಕ ಗುಳಗಿ ತಗೋರಿ. ಆಮ್ಯಾಲ ದಿನಾ ನಡೀರಿ. ಮಲಗಿದ್ರ ಮತ್ತೂ ಬಿಗೀತೈತಿ."

ಅತ್ತೆ ನನ್ನ ಹೆಗಲು ಹಿಡಿದು ಮೊದಲು ಬಾವಿಯ ತನಕ, ಆಮೇಲೆ ಓಣಿಯ ತುದಿಯ ತನಕ ನಡೆದರು. ನೋವು ಪೂರ್ತಿ ಬಿಡಲಿಲ್ಲ. ನಡುನಡುವೆ ಕೆರಳುತ್ತಿತ್ತು, ಇಳಿಯುತ್ತಿತ್ತು. ಆದರೆ ಶ್ರಾವಣದ ಒಂದು ಸೋಮವಾರ ವೀರಭದ್ರನ ಮುಂದೆ ನಿಂತರು. ಬಗ್ಗಲು ಬರಲಿಲ್ಲ, ನಿಂತೇ ಕೈ ಮುಗಿದರು. ಅಷ್ಟು ಕೊಟ್ಟ ದೇವರನ್ನು ಇನ್ನೇನು ಕೇಳುವುದು?

ಶಾಂತಾ ಇನ್ನೂ ಬೋರಲಾಗಿಯೇ ಇದ್ದಳು. "ಡಾಕ್ಟರ ಏನಂದ್ರು?" ಎಂದು ಕೇಳಿದೆ.

"ನಿಮ್ಮ ಅತ್ತಿಯವರಿಗೆ ಅಂದದ್ದ ಅಂದಾರ್ರಿ. ಗುಳಗಿ ತಗೋ, ನಡೀ ಅಂತ. ಅದಕ್ಕಿಂತ ನಿಮ್ಮ ಕಾಲ..."

ನಾನು ಕಾಲನ್ನು ಚಪ್ಪಲಿಗೆ ಸೇರಿಸಿದೆ.

"ಏಳು. ಈ ಕಾಲ ಇವತ್ತ ಗುಡಿತನಕ ನಿನ್ನ ಜೋಡಿ ಬರತೈತಿ."