ಕೂಸನ್ನು ಮುಂದಿಟ್ಟು ಕೇಳುವ ಮಾತು

ಮಗಳು ಪಿಯುಸಿ ಓದುತ್ತಾಳೆ. ಮೊನ್ನೆ ಪುಸ್ತಕ ಹಿಡಿದು ಬಂದು, ‘ಯವ್ವಾ, ಲುಕ್ ಆಫ್ಟರ್ ಅಂದ್ರೇನ?’ ಎಂದಳು. ಜೋಳ ಹಸನು ಮಾಡುತ್ತಲೇ ಹೇಳಿದೆ: ನೋಡಿಕೊಳ್ಳುವುದು, ಜೋಪಾನ ಮಾಡುವುದು. ಕೂಸು, ಮುದುಕರು, ದನಕರು, ಯಾರಿಗೆ ತಮ್ಮ ಕೈ ಸಾಲದೋ ಅವರಿಗೆ ನಮ್ಮ ಕೈ ಕೊಡುವುದು. ಲುಕ್ ಅಟ್ ಎಂದರೆ ಬರೀ ಕಣ್ಣಿನ ಕೆಲಸ; ಇದಕ್ಕೆ ಮೈಯೆಲ್ಲ ಬೇಕು, ರಜೆಯಂತೂ ಇಲ್ಲ. ‘ಶಿ ಲುಕ್ಸ್ ಆಫ್ಟರ್ ದ ಬೇಬಿ ಅಂತ ಬರ್ಕೋ’ ಎಂದೆ. ಲಕ್ಷ್ಮೇಶ್ವರದ ಕಾಲೇಜಿನಲ್ಲಿ ನನಗೆ ಹೇಳಿಕೊಟ್ಟಿದ್ದೂ ಅದೇ ವಾಕ್ಯ.

ಆ ವರ್ಷವೇ ಶಿಗ್ಲಿಯ ಈ ಮನೆಯಲ್ಲಿ ನನ್ನಕ್ಕ ಬಾಣಂತಿತನದಲ್ಲಿ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಹಿರಿಯರು ಪಡಸಾಲೆಯಲ್ಲಿ ಕುಳಿತು ನನ್ನನ್ನು ಕರೆದರು. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಮದುವೆಯ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅಪ್ಪ ಕೂಸನ್ನು ನನ್ನ ಉಡಿಗೆ ಹಾಕಿ, ‘ನೋಡ್ಕೋತಿಯಿಲ್ಲೋ?’ ಎಂದ. ಅಕ್ಕನ ಮೈವಾಸನೆ ಇನ್ನೂ ಆರದ ಕೂಸು. ಯಾವ ಬಾಯಿಂದ ಒಲ್ಲೆ ಅನ್ನಲಿ? ‘ನೋಡ್ಕೋತೀನಿ’ ಎಂದೆ. ಅಷ್ಟಕ್ಕೇ ಭಾವನ ಜೊತೆ ಅಕ್ಕಿಕಾಳು ಬಿತ್ತು. ಸತ್ತ ಮೊದಲನೆಯವಳ ಹೆಸರಿನಲ್ಲಿ ಎರಡನೆಯವಳು ಕಟ್ಟಿಕೊಳ್ಳುವ ಬೆಳ್ಳಿ ತಗಡು ತಾಳಿಯ ಪಕ್ಕ ಸೇರಿತು. ಕಾಲೇಜು ಅಲ್ಲಿಗೆ ಮುಗಿಯಿತು. ಆ ಕೂಸೇ ಈ ಮಗಳು. ಇವಳ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಹಾಗೆ ಕೇಳಿದವರ ಮೇಲಿನದು ಇನ್ನೂ ಆರಿಲ್ಲ.

ನಿನ್ನೆ ಅದೇ ಅಪ್ಪ ಹೊಂಬಳದಿಂದ ಬಂದ. ಹೋದ ತಿಂಗಳು ನನ್ನ ತಮ್ಮನ ಹೆಂಡತಿ ಜ್ವರ ಬಂದು ತೀರಿಹೋದಳು, ಎಳೆಗೂಸು ಉಳಿಯಿತು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಅಪ್ಪ ಚಹಾ ಕುಡಿದು ಕಪ್ಪು ಕೆಳಗಿಟ್ಟ. ಮಗಳನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿದ.

‘ಏನವಾ, ನಿಮ್ಮ ಮಾಮಾನ ಕೂಸಿನ್ನ ನೋಡ್ಕೋತಿಯಿಲ್ಲೋ?’

ಕೂಸುಗಳೆಂದರೆ ಜೀವ ಬಿಡುವ ಹುಡುಗಿ. ಅಜ್ಜ ಕೇಳಿದ್ದೇನೆಂದು ಅವಳಿಗೇನು ಗೊತ್ತು? ನಗುತ್ತ ಬಾಯಿ ತೆರೆದಳು.

ಬಡಿಯುತ್ತಿದ್ದ ರೊಟ್ಟಿ ಬಿಟ್ಟು ಓಡಿಬಂದು, ಹಿಟ್ಟಿನ ಕೈಯಿಂದಲೇ ಅವಳ ಬಾಯಿ ಮುಚ್ಚಿದೆ.

‘ಆಕಿ ನೋಡ್ಕೊಳ್ಳೂದಿಲ್ಲಪಾ. ಆಕಿ ಓದತಾಳ. ಕೂಸಿನ್ನ ತಂದು ನನ್ನ ಉಡ್ಯಾಗ ಹಾಕು, ನಾನ ನೋಡ್ಕೋತೀನಿ. ನನಗ ರೂಢಿ ಐತಿ.’