ತೊಳೆಯೋ ಮೇಡಂ ನಂಬಿದ ಕಬ್ಬಿಣ

ಬೆಳಗಿನ ಆರು ಗಂಟೆ. ಗೇಟಿನ ದೀಪ ಇನ್ನೂ ಆರಿಲ್ಲ. ರಸಾಯನ ವಿಭಾಗದ ಎರಡನೇ ಮಹಡಿಯಲ್ಲಿ ನಲ್ಲಿ ಸುರಿಯುವ ಸದ್ದು ಕೇಳಿದರೆ ಸಾಕು, ಕಾವಲುಗಾರ ಗಡಿಯಾರ ನೋಡುವುದಿಲ್ಲ. ಪ್ರೊಫೆಸರ್ ಕೋಟಿನ ತೋಳು ಮಡಚಿಕೊಂಡು ಗಾಜಿನ ಸೀಸೆ ತೊಳೆಯುತ್ತಿದ್ದಾರೆ. ತೊಳೆಯಲು ಜನ ಇಲ್ಲವೆಂದಲ್ಲ, ಇದ್ದಾರೆ. ಆದರೆ ಹನ್ನೊಂದು ವರ್ಷಗಳಿಂದ ಈ ಕೆಲಸವನ್ನು ಅವರು ಯಾರ ಕೈಗೂ ಬಿಟ್ಟಿಲ್ಲ. ವಿದ್ಯಾರ್ಥಿಗಳು ಬೆನ್ನ ಹಿಂದೆ ‘ತೊಳೆಯೋ ಮೇಡಂ’ ಅನ್ನುವುದು ಅವರ ಕಿವಿಗೂ ಬಿದ್ದಿದೆ.

“ಅಂದ್ಕೊಳ್ಳಲಿ ಬಿಡಿ. ಕೊಳೆ ಮೇಡಂ ಅನ್ನೋದಕ್ಕಿಂತ ವಾಸಿ” ಎಂದು ನಗುತ್ತಾರೆ.

ಮೂವತ್ತಮೂರು ವರ್ಷಗಳಿಂದ ಇದೇ ಕಟ್ಟಡದಲ್ಲಿ ಪಾಠ, ಇದೇ ಕೋಣೆಯಲ್ಲಿ ಸಂಶೋಧನೆ. ಲೋಹದ ಸುತ್ತ ಇಂಗಾಲದ ಅಣುಗಳನ್ನು ಕಟ್ಟಿ ವೇಗವರ್ಧಕ ತಯಾರಿಸುವುದು ಅವರ ಕಸುಬು. ಹಾಗೆಂದರೇನು ಎಂದು ಕೇಳಿದವರಿಗೆ ಉತ್ತರ ನಾಲಿಗೆಯ ತುದಿಯಲ್ಲೇ ಇದೆ: “ಮದುವೆ ದಲ್ಲಾಳಿ ಥರ. ಒಲ್ಲೆ ಅಂತ ಕೂತ ಇಬ್ಬರನ್ನ ಕೂಡಿಸ್ತಾನೆ, ತಾನು ಮುಂದಿನ ಮನೆಗೆ ಹೋಗ್ತಾನೆ.” ಔಷಧಿ ತಯಾರಿಕೆಯಲ್ಲಿ ಈ ದಲ್ಲಾಳಿ ಕೆಲಸ ಬಹುಪಾಲು ಪಲ್ಲಾಡಿಯಂನದು. ಅದು ಚಿನ್ನದ ಸಾಲಿನಲ್ಲಿ ಕೂರುವ ದುಬಾರಿ ಲೋಹ. ಅದೇ ಕೆಲಸವನ್ನು ಬಡಪಾಯಿ ಕಬ್ಬಿಣದಿಂದ ಮಾಡಿಸಬೇಕು ಎಂಬುದು ಪ್ರೊಫೆಸರರ ಹಟ.

ಹನ್ನೊಂದು ವರ್ಷದ ಹಿಂದೆ ಅದು ಆಗಿಯೇ ಬಿಟ್ಟಿತ್ತು. ನೂರಕ್ಕೆ ತೊಂಬತ್ತನಾಲ್ಕು ಭಾಗ ಫಲ. ಪ್ರಬಂಧ ಅಚ್ಚಾಯಿತು, ಹಾರ ತುರಾಯಿಯೂ ಆಯಿತು. ಆಮೇಲೆ ದೂರದ ಪ್ರಯೋಗಾಲಯವೊಂದರಿಂದ ಪತ್ರ ಬಂತು: ನಮ್ಮಲ್ಲಿ ಆಗುತ್ತಿಲ್ಲ. ಎರಡು ತಿಂಗಳು ಹುಡುಕಿದ ಮೇಲೆ ಕಳ್ಳ ಸಿಕ್ಕಿದ. ಸೀಸೆಯ ತಳದಲ್ಲಿ ತಿರುಗುತ್ತಾ ದ್ರಾವಣ ಕಲಕುವ, ಮಾತ್ರೆ ಗಾತ್ರದ ಬಿಳಿ ಅಯಸ್ಕಾಂತದ ತುಂಡು. ಹಿಂದೊಮ್ಮೆ ಪಲ್ಲಾಡಿಯಂ ಜೊತೆ ಬಳಸಿದ್ದು. ಅದರ ಗೀರಿನಲ್ಲಿ ಕಣ್ಣಿಗೂ ಕಾಣದಷ್ಟು ಲೋಹ ಉಳಿದಿತ್ತು. ದುಡಿದದ್ದು ಪಲ್ಲಾಡಿಯಂ, ಹೆಸರು ಬಂದದ್ದು ಕಬ್ಬಿಣಕ್ಕೆ.

ಪ್ರೊಫೆಸರ್ ತಾವೇ ಪತ್ರ ಬರೆದು ಪ್ರಬಂಧ ಹಿಂದಕ್ಕೆ ಪಡೆದರು. ತಲೆಯ ಮೇಲೆ ತಾವೇ ಚಪ್ಪಡಿ ಎಳೆದುಕೊಂಡರು ಎಂದು ಸಹೋದ್ಯೋಗಿಗಳು ಆಡಿಕೊಂಡರು. ವಿಭಾಗದ ಮುಖ್ಯಸ್ಥರ ಕುರ್ಚಿ ಪಕ್ಕದವರ ಪಾಲಾಯಿತು, ಸಮ್ಮೇಳನಗಳ ಕರೆ ನಿಂತಿತು. ಅಂದಿನಿಂದ ಇಪ್ಪತ್ತೇಳು ನೋಟ್‌ಬುಕ್, ನಾನೂರ ಹನ್ನೆರಡು ಪ್ರಯೋಗ, ಮತ್ತು ಈ ತೊಳೆಯುವಿಕೆ.

“ಮನೇಲಿ ಒಂದು ಲೋಟ ತೊಳೆಯಲ್ಲ ಇವಳು, ಆಸೆಯೆಲ್ಲ ಇಲ್ಲೇ ತೀರಿಸ್ಕೋತಾಳೆ” ಎನ್ನುತ್ತಾ, ತಿಂಡಿ ಡಬ್ಬಿ ತಂದ ಪತಿ ಹೊರಗಿನ ಬೆಂಚಿನಲ್ಲಿ ಕೂರುತ್ತಾರೆ. ತೊಳೆಯುವುದು ಮುಗಿಸಿ ಪ್ರೊಫೆಸರೂ ಅಲ್ಲೇ ಕೂತಿದ್ದಾರೆ. ಇವತ್ತಿನ ಅಳತೆ ಮುಗಿಯುವವರೆಗೆ ಒಳಗೆ ಹೋಗುವಂತಿಲ್ಲ, ಅದು ತಮಗೆ ತಾವೇ ಹಾಕಿಕೊಂಡ ಕಟ್ಟಪ್ಪಣೆ.

ತಿಂಗಳ ಕೊನೆಗೆ ನಿವೃತ್ತಿ. ಇವತ್ತಿನದು ಕೊನೆಯ ಪರೀಕ್ಷೆ. ಹೊಸ ಸೀಸೆ, ಹೊಸ ಅಯಸ್ಕಾಂತ, ಪಲ್ಲಾಡಿಯಂ ಇಲ್ಲವೆಂದು ಬೇರೆ ಕಡೆ ಪರೀಕ್ಷಿಸಿ ತರಿಸಿದ ಕಬ್ಬಿಣದ ಲವಣ. ಕೈಯೂ ಹೊಸದೇ: ಎರಡು ಮಕ್ಕಳ ತಾಯಿಯಾದ ಸಂಶೋಧನಾ ವಿದ್ಯಾರ್ಥಿನಿ ನಿನ್ನೆ ಸಂಜೆಯೇ ಪ್ರಯೋಗ ಹೂಡಿಟ್ಟು, ಈಗ ಅಳೆಯುತ್ತಿದ್ದಾಳೆ.

“ಇವತ್ತು ಸೊನ್ನೆ ಬಂದ್ರೆ, ಹನ್ನೊಂದು ವರ್ಷ ನಾನು ತೊಳೆದಿದ್ದು ಬರೀ ಸೀಸೆ” ಎನ್ನುತ್ತಾರೆ ಪ್ರೊಫೆಸರ್. ಪತಿ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ.

ಹತ್ತೂವರೆಗೆ ವಿದ್ಯಾರ್ಥಿನಿ ಕಾಗದ ಹಿಡಿದು ಹೊರಬರುತ್ತಾಳೆ. ಮುಖ ಬಾಡಿದೆ. “ನೂರಕ್ಕೆ ಅರವತ್ತೊಂದೇ ಬಂದಿದೆ ಮೇಡಂ.”

“ಕಬ್ಬಿಣ ಹಾಕ್ದೆ ಇಟ್ಟ ಇನ್ನೊಂದು ಸೀಸೆ ಇತ್ತಲ್ಲ, ಅದ್ರಲ್ಲಿ?”

“ಅದ್ರಲ್ಲಿ ಏನೂ ಇಲ್ಲ. ಸೊನ್ನೆ.”

ಪ್ರೊಫೆಸರ್ ಕಾಗದವನ್ನು ಎರಡು ಸಲ ಓದುತ್ತಾರೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾರೆ. ಅವರಿಗೆ ತುಂಬಾ ಸಂತೋಷವಾಗಿದೆ, ಅದನ್ನು ಮುಚ್ಚಿಡಲು ಬರುತ್ತಿಲ್ಲ.

“ಅರವತ್ತೊಂದೇ ಇರಲಿ. ಅಷ್ಟೂ ಕಬ್ಬಿಣದ್ದೇ, ಈ ಸಲ ಕಳ್ಳ ಇಲ್ಲ. ಇನ್ನು ನನ್ನ ಮುಖಾನೇ ನೋಡದವರು ಎಲ್ಲೋ ಕೂತು ಮಾಡಿದ್ರೂ ಇಷ್ಟೇ ಬಂದ್ರೆ, ಅಷ್ಟು ಸಾಕು ನಂಗೆ.”

ಆಮೇಲೆ ಡಬ್ಬಿಯನ್ನು ಮಡಿಲಿಗೆಳೆದುಕೊಂಡು ವಿದ್ಯಾರ್ಥಿನಿಯತ್ತ ನೋಡುತ್ತಾರೆ. “ಆ ಎರಡು ಸೀಸೆ ಇವತ್ತು ನೀನೇ ತೊಳಿಯಮ್ಮ.”